ಗೋವಾದ ಕಡಲಿಗೆ ಡೈವಿಂಗ್‌ಗೆ ಹೊರಟವರ ಚೀಲದಲ್ಲಿ ಏನಿರಬೇಕು?

ದೀಪಾವಳಿ ಕಳೆಯುತ್ತಿದ್ದಂತೆ ವಾಸ್ಕೋದ ಕನ್ನಡಿಗರ ಮನೆಗಳಿಗೆ ನೆಂಟರ ಓಡಾಟ ಹೆಚ್ಚುತ್ತದೆ. ಬೆಳಗಾವಿ, ಧಾರವಾಡ, ಪುಣೆ, ಮುಂಬೈಯಿಂದ ಬರುವ ಹುಡುಗ ಹುಡುಗಿಯರು ಈಗ ಬೀಚಿನ ದಾರಿ ಕೇಳುವುದಿಲ್ಲ. 'ಗ್ರಾಂಡೆ ದ್ವೀಪದಲ್ಲಿ ಸ್ಕೂಬಾ ಮಾಡಬೇಕು, ಏನೇನು ತರಬೇಕು?' ಎಂದು ವಾರ ಮೊದಲೇ ಫೋನ್ ಮಾಡುತ್ತಾರೆ. ಫೋನಿನಲ್ಲಿ ಹೇಳಿದ್ದು ಅರ್ಧ ಕಿವಿಗೆ, ಅರ್ಧ ಗಾಳಿಗೆ. ಹಾಗಾಗಿ ಎಲ್ಲವನ್ನೂ ಕ್ರಮವಾಗಿ ಇಲ್ಲಿ ಬರೆದಿದ್ದೇನೆ.

ಚೀಲ ಕಟ್ಟುವಾಗ ನಾನು ಪಾಲಿಸುವ ಸೂತ್ರ ಒಂದೇ: ಭಾರದ್ದು ಬಾಡಿಗೆಗೆ, ಮೈಗೆ ತಾಗುವುದು ಸ್ವಂತಕ್ಕೆ. ಸಿಲಿಂಡರ್, ಗಾಳಿ ತುಂಬುವ ಜಾಕೆಟ್, ಬಾಯಿಗೆ ಕಚ್ಚಿ ಉಸಿರಾಡುವ ರೆಗ್ಯುಲೇಟರ್, ಸೀಸದ ತೂಕ ಎಲ್ಲವನ್ನೂ ಡೈವ್ ಕೇಂದ್ರವೇ ಕೊಡುತ್ತದೆ. ಅವುಗಳ ಬೆಲೆ ಸೇರಿಯೇ ಶುಲ್ಕ ಇರುತ್ತದೆ. ಆದರೆ ಮುಖಕ್ಕೆ ಕೂರುವ ಮಾಸ್ಕ್, ಮೈಗಂಟುವ ಬಟ್ಟೆ, ಹೊಟ್ಟೆಗೆ ಹೋಗುವ ಔಷಧ, ನಿಮ್ಮ ಆರೋಗ್ಯದ ಕಾಗದಗಳನ್ನು ಬೇರೆಯವರು ನಿಮ್ಮ ಅಳತೆಗೆ ಒದಗಿಸಲಾರರು. ಅವುಗಳ ಮೇಲೆಯೇ ಗಮನ ಇಡಿ.

ಮೊದಲ ಹೆಜ್ಜೆ: ಹಿಂತಿರುಗುವ ಟಿಕೆಟ್

ಚೀಲ ಹೊರತೆಗೆಯುವ ಮೊದಲು ವಾಪಸು ಪ್ರಯಾಣದ ಸಮಯ ನಿಗದಿ ಮಾಡಿಕೊಳ್ಳಿ. ನೀರಿನ ಒತ್ತಡದಲ್ಲಿ ಉಸಿರಾಡುವಾಗ ದೇಹದ ಅಂಗಾಂಶಗಳಲ್ಲಿ ನೈಟ್ರೋಜನ್ ಕರಗಿ ಸೇರಿಕೊಳ್ಳುತ್ತದೆ. ಮೇಲೆ ಬಂದ ನಂತರ ಅದು ನಿಧಾನವಾಗಿ, ಉಸಿರಿನ ಮೂಲಕವೇ ಹೊರಗೆ ಹೋಗಬೇಕು. ಅದು ಹೋಗುವ ಮೊದಲೇ ಗಾಳಿಯ ಒತ್ತಡ ಕಡಿಮೆ ಇರುವ ಎತ್ತರಕ್ಕೆ ಏರಿದರೆ ರಕ್ತದಲ್ಲಿ, ಕೀಲುಗಳಲ್ಲಿ ಗುಳ್ಳೆಗಳೇಳಬಹುದು. ಇದನ್ನೇ ಡಿಕಂಪ್ರೆಷನ್ ಕಾಯಿಲೆ ಎನ್ನುತ್ತಾರೆ. ಡೈವಿಂಗ್ ಸುರಕ್ಷತೆಗೆಂದೇ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ ಸ್ಪಷ್ಟವಾಗಿದೆ: ಒಂದೇ ಒಂದು ಸಾಮಾನ್ಯ ಡೈವ್ ಮಾಡಿದ್ದರೆ ವಿಮಾನ ಏರುವ ಮೊದಲು ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು.

ವಿಮಾನದ ಮಾತು ಬಹಳ ಮಂದಿಗೆ ಗೊತ್ತಿದೆ. ಘಟ್ಟದ ಮಾತು ಗೊತ್ತಿಲ್ಲ, ನಮ್ಮವರಿಗೆ ಮುಖ್ಯವಾದದ್ದು ಅದೇ. ಆ ಸಲಹೆ ಅನ್ವಯಿಸುವುದು ವಿಮಾನದ ಒಳಗಿನ ಗಾಳಿ ಸುಮಾರು 600 ಮೀಟರ್‌ನಿಂದ 2,400 ಮೀಟರ್ ಎತ್ತರಕ್ಕೆ ಸಮವಾಗಿದ್ದಾಗ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಚೋರ್ಲಾ ಘಾಟಿಯ ನೆತ್ತಿ ಅದಕ್ಕಿಂತ ತುಸು ಮೇಲೆ, ಅಂಬೋಲಿ ಸುಮಾರು 690 ಮೀಟರ್. ಮಧ್ಯಾಹ್ನ ಎರಡು ಡೈವ್ ಮುಗಿಸಿ, ಮೀನೂಟ ಮಾಡಿ, ಸಂಜೆಯೇ ಕಾರಿನಲ್ಲಿ ಚೋರ್ಲಾ ಹತ್ತಿದರೆ, ಅಥವಾ ರಾತ್ರಿ ಬಸ್ಸಿನಲ್ಲಿ ಅಂಬೋಲಿ ಮೇಲೆ ಪುಣೆಗೆ ಹೊರಟರೆ, ದೇಹಕ್ಕೆ ಅದು ವಿಮಾನ ಏರಿದಂತೆಯೇ. ವಾಸ್ಕೋದಿಂದ ಕ್ಯಾಸಲ್‌ರಾಕ್ ದಾಟಿ ಹುಬ್ಬಳ್ಳಿಗೆ ಹೋಗುವ ರೈಲಿಗೂ ಇದೇ ಎಚ್ಚರ ಬೇಕು. ಘಟ್ಟದ ಮೇಲಿನವರಿಗೆ ನಾನು ಹೇಳುವುದು ಇಷ್ಟು: ಶನಿವಾರ ಡೈವ್ ಮಾಡಿ, ಭಾನುವಾರ ಮಧ್ಯಾಹ್ನದ ಮೇಲೆ ಹೊರಡಿ. ಭಾನುವಾರ ಬೆಳಗಿನ ಜಾವದ ಟಿಕೆಟ್ ಅಗ್ಗವೆಂದು ಆಸೆಪಡಬೇಡಿ. ಕೊಂಕಣ ರೈಲಿನಲ್ಲಿ ಮುಂಬೈಗೋ ಮಂಗಳೂರಿಗೋ ಹೋಗುವವರಿಗೆ ಈ ಚಿಂತೆ ಇಲ್ಲ. ಆ ಹಳಿ ಕರಾವಳಿಯ ತಗ್ಗಿನಲ್ಲೇ ಸಾಗುತ್ತದೆ.

ದಿನಾಂಕ ಆರಿಸುವಾಗ ಮಳೆಗಾಲವನ್ನೂ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾದ ಡೈವ್ ದೋಣಿಗಳು ದಡದಲ್ಲೇ ಇರುತ್ತವೆ. ಅಕ್ಟೋಬರ್ ನಡುವಿನಿಂದ ಮೇ ತನಕ ಹಂಗಾಮು.

ಎರಡನೆಯದು: ಕಾಗದ ಮತ್ತು ದೇಹ

ಡೈವ್ ಕೇಂದ್ರದಲ್ಲಿ ಆರೋಗ್ಯದ ಪ್ರಶ್ನಾವಳಿ ಕೊಡುತ್ತಾರೆ. ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ, ಕಿವಿ ಅಥವಾ ಸೈನಸ್ ಶಸ್ತ್ರಚಿಕಿತ್ಸೆ, ಶ್ವಾಸಕೋಶದ ಹಳೆಯ ಕಾಯಿಲೆ, ಸಕ್ಕರೆ ಕಾಯಿಲೆ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಹೀಗೆ ಸಾಗುತ್ತದೆ. ಒಂದಕ್ಕಾದರೂ 'ಹೌದು' ಎಂದು ಬರೆದರೆ ವೈದ್ಯರ ಸಹಿ ಬೇಕಾಗಬಹುದು. ಬೆಳಿಗ್ಗೆ ಏಳು ಗಂಟೆಗೆ ಜೆಟ್ಟಿಯಲ್ಲಿ ದೋಣಿ ಕಾಯುತ್ತಿರುವಾಗ ಈ ಕಾಗದ ಕೈಗೆ ಬಂದರೆ ಕೈ ತಾನಾಗಿಯೇ ಎಲ್ಲದಕ್ಕೂ 'ಇಲ್ಲ' ಎಂದು ಗುರುತು ಹಾಕುತ್ತದೆ. ಬಾಲ್ಯದಲ್ಲಿ ಇದ್ದ ಉಬ್ಬಸ, ಎರಡು ವರ್ಷದ ಹಿಂದಿನ ಕಿವಿ ಸೋರಿಕೆ ಎಲ್ಲವೂ ಆ ಗಡಿಬಿಡಿಯಲ್ಲಿ ಮರೆಯಾಗುತ್ತವೆ. ಅದಕ್ಕೇ ಪ್ರಶ್ನಾವಳಿಯನ್ನು ಎರಡು ವಾರ ಮೊದಲೇ ಮೊಬೈಲಿಗೆ ತರಿಸಿಕೊಳ್ಳಿ, ಊರಿನ ವೈದ್ಯರ ಎದುರು ಕುಳಿತು ತುಂಬಿ, ಸಹಿ ಹಾಕಿಸಿ ಚೀಲದಲ್ಲಿಡಿ. ಗರ್ಭಿಣಿಯರು ಡೈವ್ ಮಾಡಲೇಬಾರದು. ನೆಗಡಿಯಾಗಿದ್ದರೆ ಆ ದಿನ ದೋಣಿಯಲ್ಲೇ ಕುಳಿತು ಕಡಲು ನೋಡಿ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದರೆ ಅದರ ಪ್ರಭಾವ ನೀರಿನೊಳಗೇ ಇಳಿದು, ಮೇಲೆ ಬರುವಾಗ ಕಿವಿಯೊಳಗಿನ ಗಾಳಿ ಸಿಕ್ಕಿಹಾಕಿಕೊಳ್ಳಬಹುದು.

ಕೋರ್ಸ್ ಮಾಡಿದವರು ಪ್ರಮಾಣಪತ್ರದ ಕಾರ್ಡು, ಮಾಡಿದ ಡೈವ್‌ಗಳನ್ನು ಬರೆದಿಡುವ ಲಾಗ್‌ಪುಸ್ತಕ ತರಬೇಕು. ಎಲ್ಲರೂ ತರಬೇಕಾದದ್ದು ವಿಮೆಯ ಕಾಗದ. ಸಾಮಾನ್ಯ ಪ್ರಯಾಣ ವಿಮೆ ಡೈವಿಂಗ್ ಅನ್ನು ಹೊರಗಿಡುವುದುಂಟು, ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿ. ಹಣ ಕಟ್ಟುವ ಮೊದಲು ಕೇಂದ್ರಕ್ಕೆ ಎರಡು ಪ್ರಶ್ನೆ ಕೇಳಿ: ದೋಣಿಯಲ್ಲಿ ತುರ್ತು ಆಕ್ಸಿಜನ್ ಇದೆಯೇ? ಡಿಕಂಪ್ರೆಷನ್ ಕಾಯಿಲೆಗೆ ಚಿಕಿತ್ಸೆ ಕೊಡುವ ಗಾಳಿಯೊತ್ತಡದ ಕೊಠಡಿ ಹತ್ತಿರದಲ್ಲಿ ಎಲ್ಲಿದೆ? ಉತ್ತರ ತಡವರಿಸಿದರೆ ಬೇರೆ ಕೇಂದ್ರ ನೋಡಿ. ದರದಲ್ಲಿ ಐದುನೂರು ರೂಪಾಯಿ ಉಳಿಸಲು ಈ ವಿಷಯದಲ್ಲಿ ರಾಜಿ ಬೇಡ.

ಮೂರನೆಯದು: ಮಾಸ್ಕ್

ಒಂದೇ ಒಂದು ಸಾಮಾನು ಕೊಳ್ಳಲು ಹಣವಿದ್ದರೆ ಅದು ಮಾಸ್ಕ್ ಆಗಿರಲಿ. ಬಾಡಿಗೆ ಮಾಸ್ಕ್ ಯಾರೋ ಒಬ್ಬರ ಮುಖಕ್ಕೆ ಸರಿ, ನಿಮ್ಮ ಮುಖಕ್ಕೆ ಸರಿಯಾಗುವುದು ಅದೃಷ್ಟ. ನೀರು ಒಸರುವ ಮಾಸ್ಕ್ ತೊಟ್ಟು ಹತ್ತು ಮೀಟರ್ ಕೆಳಗೆ ಇಳಿದವರಿಗೆ ಮೀನೂ ಕಾಣುವುದಿಲ್ಲ, ಹವಳವೂ ಕಾಣುವುದಿಲ್ಲ, ಮೇಲೆ ಯಾವಾಗ ಹೋಗುತ್ತೇವೋ ಎಂಬ ಒಂದೇ ಯೋಚನೆ.

ಅಂಗಡಿಯಲ್ಲಿ ಪರೀಕ್ಷಿಸುವುದು ಹೀಗೆ. ಪಟ್ಟಿಯನ್ನು ಗಾಜಿನ ಮುಂದಕ್ಕೆ ಮಡಚಿ, ತಲೆ ತುಸು ಹಿಂದಕ್ಕೆ ಬಾಗಿಸಿ, ಮಾಸ್ಕ್ ಅನ್ನು ಒತ್ತದೆ ಮುಖದ ಮೇಲೆ ಇಡಿ. ಮೂಗಿನಿಂದ ಮೆಲ್ಲಗೆ ಉಸಿರು ಎಳೆದು ಕೈ ಬಿಡಿ. ತಲೆ ನೇರ ಮಾಡಿದರೂ ಅದು ಬೀಳದೆ ಅಂಟಿಕೊಂಡಿದ್ದರೆ ನಿಮ್ಮದು. ಒಂದು ಬದಿಯಿಂದ ಸಣ್ಣಗೆ ಗಾಳಿ ನುಗ್ಗಿದ ಸದ್ದು ಕೇಳಿದರೂ ಬೇಡ. ಬಾಯಿಯಲ್ಲಿ ಸ್ನಾರ್ಕೆಲ್ (ಉಸಿರಾಟದ ಕೊಳವೆ) ಕಚ್ಚಿಕೊಂಡು ಮತ್ತೊಮ್ಮೆ ನೋಡಿ, ಏಕೆಂದರೆ ಕಚ್ಚಿದಾಗ ಕೆನ್ನೆಯ ಆಕಾರವೇ ಬದಲಾಗುತ್ತದೆ. ಗಾಜಿನ ಮೂಲೆಯಲ್ಲಿ ಟೆಂಪರ್ಡ್, ಅಂದರೆ ಗಟ್ಟಿಗೊಳಿಸಿದ ಗಾಜು, ಎಂಬ ಗುರುತು ಇರಬೇಕು. ಈಜುಕೊಳದ ಕನ್ನಡಕ ಮೂಗನ್ನು ಮುಚ್ಚುವುದಿಲ್ಲವಾದ್ದರಿಂದ ಒಳಗಿನ ಒತ್ತಡ ಸರಿದೂಗಿಸಲು ಆಗುವುದಿಲ್ಲ. ಅದನ್ನು ಡೈವಿಂಗ್‌ಗೆ ಬಳಸಬಾರದು. ಮುಖಪೂರ್ತಿ ಮುಚ್ಚುವ ಸ್ನಾರ್ಕೆಲ್ ಮಾಸ್ಕ್ ಕೂಡ ನೀರಿನ ಮೇಲ್ಮೈಗಷ್ಟೇ.

ಹೊಸ ಮಾಸ್ಕಿನ ಗಾಜಿಗೆ ಕಾರ್ಖಾನೆಯಿಂದಲೇ ಸಿಲಿಕಾನಿನ ತೆಳು ಪೊರೆ ಅಂಟಿರುತ್ತದೆ. ಅದನ್ನು ತೆಗೆಯದಿದ್ದರೆ ನೀರಿನಲ್ಲಿ ಮಂಜು ಕವಿಯುತ್ತದೆ, ಎಷ್ಟು ಉಗುಳು ಹಚ್ಚಿದರೂ ಬಿಡುವುದಿಲ್ಲ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟನ್ನು ಕಡಲೆಕಾಳಿನಷ್ಟು ತೆಗೆದುಕೊಂಡು, ಒಣ ಗಾಜಿನ ಒಳಬದಿಗೆ ಬೆರಳ ತುದಿಯಿಂದ ಸುತ್ತುಸುತ್ತಾಗಿ ಉಜ್ಜಿ. ಅಂಚುಗಳನ್ನು ಬಿಡಬೇಡಿ, ಮಂಜು ಶುರುವಾಗುವುದು ಅಲ್ಲಿಂದಲೇ. ಒಂದೆರಡು ನಿಮಿಷದಲ್ಲಿ ಪೇಸ್ಟ್ ಒಣಗುತ್ತಾ ಬೆರಳಿಗೆ ತರಿತರಿಯಾಗುತ್ತದೆ. ಆಗ ತೊಳೆದು, ಒರೆಸಿ, ಗಾಜಿಗೆ ಬಾಯಿಂದ ಹಾ ಎಂದು ಉಸಿರು ಬಿಡಿ. ಹಬೆ ಕೂತು ನಿಧಾನವಾಗಿ ಕರಗಿದರೆ ಪೊರೆ ಇನ್ನೂ ಇದೆ, ಮತ್ತೆ ಉಜ್ಜಿ. ಕೂತಷ್ಟೇ ಬೇಗ ಮಾಯವಾದರೆ ಸಾಕು. ಮೂರು ನಾಲ್ಕು ಸಲ ಉಜ್ಜಬೇಕಾಗುವುದು ಸಹಜ. ಮಂಜುನಿರೋಧಕ ಲೇಪನವಿರುವ ಗಾಜನ್ನು ಮಾತ್ರ ಹೀಗೆ ಉಜ್ಜಬಾರದು, ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಡೈವ್ ದಿನಕ್ಕೆ ಮಕ್ಕಳ ಶಾಂಪೂವಿನ ಪುಟ್ಟ ಬಾಟಲಿ ಇಟ್ಟುಕೊಳ್ಳಿ. ಒಂದು ಹನಿ ಹಚ್ಚಿ ತೊಳೆದರೆ ಕಣ್ಣೂ ಉರಿಯುವುದಿಲ್ಲ, ಮಂಜೂ ಕೂರುವುದಿಲ್ಲ.

ಮೀಸೆ ಇರುವವರಿಗೆ ಒಂದು ಮಾತು. ಮಾಸ್ಕಿನ ಕೆಳ ಅಂಚು ಕೂರುವುದು ಮೂಗಿನ ಕೆಳಗಿನ ಆ ಕಿರಿದಾದ ಜಾಗದಲ್ಲಿ. ಅಲ್ಲಿ ದಟ್ಟ ಕೂದಲಿದ್ದರೆ ನೀರು ಒಸರುತ್ತದೆ. ಮೀಸೆ ಬೋಳಿಸಬೇಕಾಗಿಲ್ಲ, ಮೂಗಿಗೆ ತಾಗುವ ಮೇಲಿನ ಸಾಲನ್ನು ಒಂದು ಬೆರಳ ಅಗಲದಲ್ಲಿ ಕತ್ತರಿಸಿದರೆ ಸಾಕು.

ಕನ್ನಡಕ ಹಾಕುವವರು ಪವರ್ ಇರುವ ಗಾಜಿನ ಮಾಸ್ಕ್ ಕೊಳ್ಳಬಹುದು. ವರ್ಷಕ್ಕೆ ಒಂದು ಸಲ ಹೋಗುವವರಿಗೆ ದಿನಕ್ಕೊಂದರಂತೆ ಬಳಸಿ ಎಸೆಯುವ ಮೃದು ಲೆನ್ಸ್ ಸಾಕಾಗುತ್ತದೆ. ಡೈವ್ ಮುಗಿದ ಮೇಲೆ ಅದನ್ನು ತೆಗೆದು ಎಸೆಯಿರಿ, ಸಮುದ್ರದ ನೀರು ಕುಡಿದ ಲೆನ್ಸ್ ಮತ್ತೆ ಕಣ್ಣಿಗೆ ಬೇಡ. ಒಂದು ಜೋಡಿ ಹೆಚ್ಚುವರಿ ಇರಲಿ.

ನಾಲ್ಕನೆಯದು: ಮೈಮೇಲಿನದು

ಗೋವಾದ ನೀರು ಹಂಗಾಮಿನಲ್ಲಿ ಸುಮಾರು 26ರಿಂದ 29 ಡಿಗ್ರಿ ಇರುತ್ತದೆ. ಕೇಳಲು ಬೆಚ್ಚಗೆ ಅನ್ನಿಸಿದರೂ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ದೇಹದ ಶಾಖವನ್ನು ಎಳೆದುಕೊಳ್ಳುತ್ತದೆ. ಎರಡನೇ ಡೈವಿನ ಹೊತ್ತಿಗೆ ಹಲ್ಲು ಕಡಿಯುವವರನ್ನು ಕಂಡಿದ್ದೇನೆ. ಕೇಂದ್ರದವರು ಕೊಡುವ 3 ಮಿಲಿಮೀಟರ್ ದಪ್ಪದ ಸೂಟು ಇಲ್ಲಿಗೆ ಸಾಕು. ಅದರ ಒಳಗೆ ತೊಡಲು ಉದ್ದ ತೋಳಿನ ಲೈಕ್ರಾ ಅಂಗಿ ಮತ್ತು ಕಾಲು ಮುಚ್ಚುವ ಲೆಗ್ಗಿಂಗ್ ನಿಮ್ಮದೇ ತನ್ನಿ. ಬಾಡಿಗೆ ಸೂಟಿನ ಹೊಲಿಗೆ ಕಂಕುಳಲ್ಲಿ, ಕತ್ತಿನಲ್ಲಿ ಉಜ್ಜಿ ಚರ್ಮ ಕೆಂಪಾಗುವುದನ್ನು ಅದು ತಪ್ಪಿಸುತ್ತದೆ, ಲೋಳೆಮೀನಿನಿಂದಲೂ ಬಿಸಿಲಿನಿಂದಲೂ ಕಾಯುತ್ತದೆ. ಹತ್ತಿಯ ಟೀ ಶರ್ಟ್ ನೀರು ಕುಡಿದು ಭಾರವಾಗುತ್ತದೆ, ಗಾಳಿಗೆ ತಂಪಾಗಿ ಮೈ ನಡುಗಿಸುತ್ತದೆ. ಅದು ಊರಿಗೆ ಮರಳುವಾಗ ತೊಡಲು ಇರಲಿ.

ಸನ್‌ಸ್ಕ್ರೀನ್ ಕೊಳ್ಳುವಾಗ ಲೇಬಲ್ ತಿರುಗಿಸಿ ಓದಿ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವುದು ಬೇಡ. ಹವಳಕ್ಕೆ ಹಾನಿಯೆಂದು 2020ರಲ್ಲಿ ಪಲಾವು ದೇಶ, 2021ರಲ್ಲಿ ಹವಾಯಿ ಇವುಗಳಿರುವ ಸನ್‌ಸ್ಕ್ರೀನ್ ಮಾರಾಟವನ್ನೇ ನಿಲ್ಲಿಸಿದವು. ಜಿಂಕ್ ಆಕ್ಸೈಡ್ ಇರುವುದನ್ನು ಕತ್ತಿನ ಹಿಂಭಾಗ, ಕಿವಿ, ಪಾದದ ಮೇಲೆ ಹಚ್ಚಿ. ಹಣೆಗೆ ಹಚ್ಚಿದರೆ ಕರಗಿ ಮಾಸ್ಕಿನೊಳಗೆ ಇಳಿದು ಕಣ್ಣು ಉರಿಯುತ್ತದೆ. ಅಲ್ಲಿಗೆ ಟೋಪಿ ಸಾಕು.

ಉದ್ದ ಕೂದಲಿನವರು ಬಿಗಿಯಾಗಿ ಜಡೆ ಹೆಣೆದು, ಹಣೆಯ ಮೇಲಿನ ಕೂದಲನ್ನು ಅಗಲ ಪಟ್ಟಿಯಿಂದ ಹಿಂದಕ್ಕೆ ಕಟ್ಟಿ. ಜಡೆಯ ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೆ ಉಪ್ಪುನೀರಿನಲ್ಲಿ ಗಂಟು ಬೀಳುವುದಿಲ್ಲ. ಮುಖಕ್ಕೆ ಮಾತ್ರ ಎಣ್ಣೆ ತಾಗಬಾರದು, ಮಾಸ್ಕ್ ಜಾರುತ್ತದೆ. ಉಂಗುರ, ಬಳೆ, ಸರ, ಕಾಲುಂಗುರ ಎಲ್ಲ ಮನೆಯಲ್ಲಿರಲಿ. ನೀರಿನಲ್ಲಿ ಬೆರಳು ಸುಕ್ಕಾಗಿ ಸಣ್ಣದಾಗುತ್ತದೆ, ಉಂಗುರ ಯಾವಾಗ ಕಳಚಿತೆಂದು ತಿಳಿಯುವುದಿಲ್ಲ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದವರು ಸರವನ್ನು ಹೊರಡುವ ಮುನ್ನವೇ ಮೋಟು ದಾರಕ್ಕೆ ಬದಲಾಯಿಸಿ, ಲೈಕ್ರಾ ಅಂಗಿಯ ಒಳಗೆ ಎದೆಗೆ ಅಂಟುವಂತೆ ಇಟ್ಟುಕೊಂಡರೆ ಪಟ್ಟಿಗಳಿಗೆ ಸಿಕ್ಕುವುದಿಲ್ಲ.

ಟರ್ಕಿ ಟವೆಲ್ ತರಬೇಡಿ. ಈ ಊರಿನ ಸೆಕೆಯಲ್ಲಿ ಅದು ಎರಡು ದಿನವಾದರೂ ಒಣಗುವುದಿಲ್ಲ. ಅಜ್ಜನ ಕಾಲದ ತೆಳುವಾದ ಪಾಣಿಪಂಚೆ ಇದ್ದರೆ ತನ್ನಿ: ಮೈ ಒರೆಸುತ್ತದೆ, ದೋಣಿಯಲ್ಲಿ ಬಟ್ಟೆ ಬದಲಿಸಲು ಮರೆಯಾಗುತ್ತದೆ, ಬಿಸಿಲಿಗೆ ತಲೆಗೆ ಸುತ್ತಿಕೊಳ್ಳಬಹುದು, ಅರ್ಧ ಗಂಟೆಯ ಗಾಳಿಗೆ ಒಣಗುತ್ತದೆ.

ಐದನೆಯದು: ಔಷಧದ ಡಬ್ಬಿ

ದೋಣಿ ಓಡುವಾಗ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ದ್ವೀಪದ ಬಳಿ ಲಂಗರು ಹಾಕಿ ನಿಂತಾಗ, ಅಲೆ ಬದಿಯಿಂದ ತೂಗುವಾಗ, ಡೀಸೆಲ್ ವಾಸನೆಯ ನಡುವೆ ತಲೆ ಬಗ್ಗಿಸಿ ಸೂಟಿನ ಜಿಪ್ ಎಳೆಯುವಾಗ ಹೊಟ್ಟೆ ತೊಳಸುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಘಾಟಿ ಬಸ್ಸಿಗೆಂದು ನಮ್ಮ ಮನೆಗಳಲ್ಲಿ ಇರುವ ಅವೋಮಿನ್ ನಿದ್ದೆ ಬರಿಸುತ್ತದೆ, ಮಂಪರಿನಲ್ಲಿ ನೀರಿಗೆ ಇಳಿಯುವುದು ಅಪಾಯ. ಯಾವುದು ಸರಿಯೆಂದು ವೈದ್ಯರನ್ನು ಕೇಳಿ, ಊರಿನಲ್ಲೇ ಒಂದು ದಿನ ತೆಗೆದುಕೊಂಡು ನೋಡಿ. ಒಣ ಶುಂಠಿಯ ಚೂರು ಜೇಬಿನಲ್ಲಿರಲಿ. ಬೆಳಿಗ್ಗೆ ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು. ಖಾಲಿ ಹೊಟ್ಟೆಯೂ ಬೇಡ, ಎಣ್ಣೆಪೂರಿಯೂ ಬೇಡ. ಹಿಂದಿನ ರಾತ್ರಿ ಫೆನ್ನಿ, ಬಿಯರ್ ಮುಟ್ಟದಿರುವುದು ಒಳ್ಳೆಯದು. ದೇಹದ ನೀರು ಬತ್ತಿದರೆ ಡಿಕಂಪ್ರೆಷನ್ ಕಾಯಿಲೆಯ ಸಾಧ್ಯತೆ ಹೆಚ್ಚುತ್ತದೆ. ಓಆರ್‌ಎಸ್ ಪೊಟ್ಟಣ ನಾಲ್ಕು ಇಡಿ.

ಇನ್ನುಳಿದಂತೆ ನೋವಿನ ಮಾತ್ರೆ, ಬ್ಯಾಂಡೇಜ್, ಗಾಯಕ್ಕೆ ಹಚ್ಚುವ ಮುಲಾಮು, ಡೈವ್ ಆದ ಮೇಲೆ ಕಿವಿ ಒಣಗಿಸುವ ಹನಿ. ಕಿವಿತಮಟೆ ತೂತಾಗಿದ್ದವರು ಆ ಹನಿ ಹಾಕಬಾರದು, ಅವರು ಡೈವ್ ಮಾಡುವುದನ್ನೂ ವೈದ್ಯರೇ ನಿರ್ಧರಿಸಬೇಕು. ಹತ್ತಿಕಡ್ಡಿ ಬೇಡವೇ ಬೇಡ. ಸಿಂಹಮೀನಿನ ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿನೀರಿನಲ್ಲಿ ಆ ಭಾಗ ಮುಳುಗಿಸಿ ಆಸ್ಪತ್ರೆಗೆ ಹೊರಡಬೇಕು. ಅದಕ್ಕೊಂದು ಫ್ಲಾಸ್ಕ್ ಬಿಸಿನೀರು ದೋಣಿಯಲ್ಲಿದ್ದರೆ ಧೈರ್ಯ.

ಕೋರ್ಸ್ ಮುಗಿಸಿದವರಿಗೆ

ಮೊದಲ ಬಾರಿ ಇಳಿಯುವವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ಪ್ರಮಾಣಪತ್ರ ಇರುವವರು ಆಳ, ಸಮಯ ಲೆಕ್ಕವಿಡುವ ಸ್ವಂತ ಡೈವ್ ಕಂಪ್ಯೂಟರ್, ಮೇಲ್ಮೈಗೆ ಬಿಡುವ ಬಣ್ಣದ ಬಲೂನು ಮತ್ತು ಅದರ ದಾರ, ಸೀಟಿ, ದಾರ ಕತ್ತರಿಸುವ ಪುಟ್ಟ ಉಪಕರಣ ತನ್ನಿ. ಗೋವಾದ ನೀರು ತಿಳಿಯಲ್ಲ. ಮೂರು ಮೀಟರಿನಿಂದ ಎಂಟು ಮೀಟರ್ ತನಕ ಕಂಡರೆ ಅದು ಸಾಮಾನ್ಯ ದಿನ. ಆದ್ದರಿಂದ ಸಣ್ಣ ಟಾರ್ಚ್ ಇಲ್ಲಿ ಹಗಲಿನಲ್ಲೂ ಉಪಯೋಗಕ್ಕೆ ಬರುತ್ತದೆ: ಸೂಝಿಸ್ ರೆಕ್ ಎಂದು ಕರೆಯುವ ಹಡಗಿನ ಅವಶೇಷದ ಸಂದುಗಳಲ್ಲಿ ಅಡಗಿದ್ದನ್ನು ತೋರಿಸುತ್ತದೆ, ನೀರು ನುಂಗಿದ ಕೆಂಪು ಬಣ್ಣವನ್ನು ಮರಳಿಸುತ್ತದೆ. ರೆಗ್ಯುಲೇಟರ್ ಸ್ವಂತದ್ದಾಗಿ ಡಿನ್ ಜೋಡಣೆಯದಾಗಿದ್ದರೆ ಯೋಕ್ ಅಡಾಪ್ಟರ್ ಮರೆಯಬೇಡಿ. ಒಂದು ಸಣ್ಣ ಡಬ್ಬಿಯಲ್ಲಿ ಓ ರಿಂಗ್‌ಗಳು, ಹೆಚ್ಚುವರಿ ಮಾಸ್ಕ್ ಪಟ್ಟಿ, ಬಾಯಿಗೆ ಕಚ್ಚುವ ರಬ್ಬರ್, ನಾಲ್ಕಾರು ಪ್ಲಾಸ್ಟಿಕ್ ಕಟ್ಟುಪಟ್ಟಿ ಇದ್ದರೆ ಐದು ರೂಪಾಯಿಯ ವಸ್ತುವಿಗಾಗಿ ಡೈವ್ ಕಳೆದುಕೊಳ್ಳಬೇಕಾಗುವುದಿಲ್ಲ.

ಕ್ಯಾಮೆರಾ

ಮೊದಲ ಡೈವಿಗೆ ಬೇಡ. ಉಸಿರು, ಕಿವಿ, ಸಮತೋಲ ಮೂರನ್ನೂ ಒಟ್ಟಿಗೆ ಕಲಿಯುವಾಗ ನಾಲ್ಕನೆಯದು ಕೈಯಲ್ಲಿದ್ದರೆ ಒಂದೂ ಸರಿಯಾಗುವುದಿಲ್ಲ. ವಿಡಿಯೊ ಬೇಕಿದ್ದರೆ ಕೇಂದ್ರದವರೇ ತೆಗೆದುಕೊಡುತ್ತಾರೆ. ಅನುಭವಸ್ಥರು ತರುವುದಾದರೆ ಆಳಕ್ಕೆ ತಕ್ಕ ಹೊರಕವಚ ಕಡ್ಡಾಯ. ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಳಿಯುವ ಯೋಚನೆ ಬಿಡಿ, ಆ ಚೀಲಗಳು ದೋಣಿಯ ಚಿಮುಕಿಗಷ್ಟೇ. ಕವಚದ ರಬ್ಬರ್ ಉಂಗುರದ ಮೇಲೆ ಒಂದೇ ಒಂದು ತಲೆಗೂದಲು ಬಿದ್ದಿದ್ದರೂ ನೀರು ಒಳಗೆ ಬರುತ್ತದೆ. ಹಿಂದಿನ ರಾತ್ರಿ ಬೆಳಕಿನಲ್ಲಿ ಆ ಉಂಗುರವನ್ನು ಬೆರಳಿಂದ ಸುತ್ತ ಸವರಿ ನೋಡಿ, ಖಾಲಿ ಕವಚದೊಳಗೆ ಒಣ ಟಿಶ್ಯೂ ಇಟ್ಟು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಟಿಶ್ಯೂ ಒದ್ದೆಯಾಗದೆ ಉಳಿದಿದ್ದರೆ ಕ್ಯಾಮೆರಾ ಹಾಕಿ. ಮುಚ್ಚುವುದನ್ನು ಎಸಿ ಕೋಣೆಯಲ್ಲಿ ಮಾಡಿದರೆ ಒಳಗೆ ಆವಿ ಕಟ್ಟುವುದಿಲ್ಲ.

ಚೀಲ ಕಟ್ಟುವ ದಿನ

ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಲಗೇಜು, 7 ಕಿಲೋ ಕೈಚೀಲ. ಮಾಸ್ಕ್, ಕಂಪ್ಯೂಟರ್, ಔಷಧ, ಕಾಗದ ಕೈಚೀಲದಲ್ಲಿ ಇರಲಿ. ಪವರ್ ಬ್ಯಾಂಕ್ ಮತ್ತು ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿಗಳು ಲಗೇಜಿನಲ್ಲಿ ಹೋಗುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. ಪವರ್ ಬ್ಯಾಂಕ್ 100 ವ್ಯಾಟ್ ಅವರ್ ಒಳಗಿರಬೇಕು. ಚಾಕು, ಕತ್ತರಿ ಇದಕ್ಕೆ ತದ್ವಿರುದ್ಧ, ಅವು ಲಗೇಜಿನಲ್ಲೇ ಹೋಗಬೇಕು. ಗಾಲಿಯ ಗಟ್ಟಿ ಸೂಟ್‌ಕೇಸ್ ಹೋಟೆಲಿನ ತನಕ ಬರಲಿ. ದೋಣಿಗೆ ಬೇರೆಯೇ ಚೀಲ ಬೇಕು, ಏಕೆಂದರೆ ಕೆಲವು ಕಡೆ ಮೊಣಕಾಲ ನೀರಿನಲ್ಲಿ ನಡೆದು ಹತ್ತಬೇಕಾಗುತ್ತದೆ. ಒಂದು ನೀರು ನುಗ್ಗದ ಚೀಲದಲ್ಲಿ ಒಣಬಟ್ಟೆ, ಫೋನ್, ಗುರುತಿನ ಚೀಟಿ, ಔಷಧ. ಇನ್ನೊಂದು ಜಾಲರಿ ಚೀಲದಲ್ಲಿ ಒದ್ದೆಯಾಗುವುದೆಲ್ಲ. ಎರಡಕ್ಕಿಂತ ಹೆಚ್ಚು ಬೇಡ.

ಗೋವಾದಿಂದ ಮುಂದೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ನೀರಿಗೆ ಇಳಿಯುವವರು ಇದೇ ಚೀಲ ಒಯ್ಯಬಹುದು. ಅಲ್ಲಿ ನೀರು ಹೆಚ್ಚು ತಿಳಿ, ದೋಣಿಯ ದಾರಿ ಸುಮಾರು ಒಂದೂವರೆ ಗಂಟೆ, ಹಾಗಾಗಿ ವಾಂತಿಯ ಮಾತ್ರೆ, ಟೋಪಿ ಎರಡೂ ತಪ್ಪಬಾರದು. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಮೊದಲೇ ಮಾಡಿಸಬೇಕು. ಮಾಲ್ಡೀವ್ಸ್‌ಗೆ ಮದ್ಯ ಒಯ್ಯುವಂತಿಲ್ಲ. ದೂರದ ದ್ವೀಪಗಳಲ್ಲಿ ಔಷಧದಂಗಡಿ ಕೈಗೆಟುಕದು, ಡಬ್ಬಿಯನ್ನು ದೊಡ್ಡದು ಮಾಡಿಕೊಳ್ಳಿ.

ವಾಪಸು ಬರುವಾಗ

ಚೀಲಕ್ಕೆ ಕಡಲಿನ ಯಾವುದನ್ನೂ ಸೇರಿಸಬೇಡಿ. ಹವಳದ ತುಂಡು, ಸಮುದ್ರ ಬೀಸಣಿಗೆ (ಸೀ ಫ್ಯಾನ್), ಕಡಲಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ದಡದಲ್ಲಿ ಸತ್ತು ಬಿದ್ದ ತುಂಡು ಎತ್ತಿಕೊಂಡರೂ ಅದು ಅಪರಾಧವೇ. ನೋಡಿ, ಬಿಟ್ಟು ಬನ್ನಿ.

ಡೈವ್ ಮುಗಿದ ಸಂಜೆ ಮಾಸ್ಕ್, ಲೈಕ್ರಾ, ಕ್ಯಾಮೆರಾ ಕವಚ ಎಲ್ಲವನ್ನೂ ಬಕೆಟ್ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ನೆರಳಿನಲ್ಲಿ ಒಣಗಿಸಿ. ಬಿಸಿಲು ಸಿಲಿಕಾನನ್ನೂ ರಬ್ಬರನ್ನೂ ಬೇಗ ಹಾಳುಮಾಡುತ್ತದೆ. ಮುಂಬೈ, ವಾಸ್ಕೋದಂಥ ಊರುಗಳಲ್ಲಿ ಮಳೆಗಾಲದಲ್ಲಿ ಮಾಸ್ಕಿನ ಅಂಚಿಗೆ ಕಪ್ಪು ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಪೂರ್ತಿ ಒಣಗಿದ ಮೇಲೆ ಅದರ ಗಟ್ಟಿ ಡಬ್ಬಿಯಲ್ಲೇ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪಾರದರ್ಶಕ ಸಿಲಿಕಾನಿನ ಮಾಸ್ಕ್ ಆಗಿದ್ದರೆ ಕಾಲಿಗೆ ತೊಡುವ ಕಪ್ಪು ರಬ್ಬರಿನ ಫಿನ್‌ಗೆ ತಾಗಿಸಿ ಇಡಬೇಡಿ, ಬಣ್ಣ ಹತ್ತಿಕೊಳ್ಳುತ್ತದೆ.